ಆದೇಶದ ಮೇಲಿನ ಸಾಲುಗಳು

ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿದ ನನಗೆ ಉತ್ತರ ತಿಳಿಯದೆ ಉಳಿದ ಪ್ರಶ್ನೆಗಳು ಹಲವು. ಅವುಗಳ ಬಗ್ಗೆ ಅಷ್ಟೇನೂ ವ್ಯಥೆಯಿಲ್ಲ. ಆದರೆ ಒಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟುಬಿಟ್ಟಿದ್ದೆ, ಅದೂ ಅಧಿಕಾರವಾಣಿಯಿಂದ. ಅದು ತಪ್ಪಾಗಿತ್ತೆಂದು ತಿಳಿಯಲು ಮೂರು ವರ್ಷ ಹಿಡಿಯಿತು.

ಅದು 1986ನೆಯ ಇಸವಿ. ಹತ್ತನೆಯ ತರಗತಿಗೆ ಮೈಸೂರು ದಿವಾನರ ಪಾಠ. ಕಪ್ಪುಹಲಗೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರೆದು ಅದರ ಕೆಳಗೆ ಸಾಧನೆಗಳನ್ನು ಸಾಲಾಗಿ ಬರೆಯಿಸುತ್ತಿದ್ದೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆಯಾದ್ದರಿಂದ ಮಕ್ಕಳೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ, ಅವನ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು, ಎದ್ದು ನಿಂತು ಕೇಳಿದ: "ಸಾರ್, ಇಷ್ಟೆಲ್ಲಾ ಮಾಡಿದೋರು ಆರೇ ವರ್ಷಕ್ಕೆ ಕೆಲಸ ಯಾಕೆ ಬಿಟ್ರು?"

"ವಯಸ್ಸಾಗಿತ್ತಪ್ಪ, ಆರೋಗ್ಯವೂ ಸರಿಯಿರಲಿಲ್ಲ" ಎಂದೆ. ಅವನು ಕೂರಲಿಲ್ಲ. "ಸಾರ್, ನೂರು ವರ್ಷ ಬದುಕಿದ್ರು ಅಂತ ನೀವೇ ಹೇಳಿದ್ರಿ" ಎಂದ. ತರಗತಿಯೆಲ್ಲ ನಕ್ಕಿತು. ನಾನು ಗದರಿಸಿ ಕೂರಿಸಿದೆ. ಬಿ.ಎಡ್. ವ್ಯಾಸಂಗದಲ್ಲಿ ಪಾಠಯೋಜನೆಯನ್ನು ಗೆರೆ ಹಾಕಿ ಅಂಕಣಗಳಾಗಿ ಬರೆಯುವುದನ್ನು ನಮಗೆ ಚೆನ್ನಾಗಿ ಕಲಿಸಿದ್ದರು. ಇಂಥ ಪ್ರಶ್ನೆಗೆ ಅದರಲ್ಲಿ ಅಂಕಣವಿರಲಿಲ್ಲ.

1988ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದ ಮೂಲಕ ಇತಿಹಾಸದಲ್ಲಿ ಎಂ.ಎ. ಮಾಡಲು ಹೆಸರು ನೋಂದಾಯಿಸಿದೆ. ನಿಜ ಹೇಳಬೇಕೆಂದರೆ ಜ್ಞಾನದಾಹಕ್ಕಿಂತ ಬಡ್ತಿಯ ಆಸೆಯೇ ಹೆಚ್ಚಾಗಿತ್ತು. ಪಾಠಗಳು ಕಂತುಕಂತಾಗಿ ಅಂಚೆಯಲ್ಲಿ ಬರುತ್ತಿದ್ದವು. ಶಾಲೆ ಮುಗಿಸಿ, ಮನೆಪಾಠ ಮುಗಿಸಿ, ರಾತ್ರಿ ಓದುವುದು. ಬೇಸಿಗೆ ರಜೆಯಲ್ಲಿ ಮಾನಸಗಂಗೋತ್ರಿಯಲ್ಲಿ ಸಂಪರ್ಕ ತರಗತಿಗಳು. ಕುವೆಂಪು ಅವರು ಹೆಸರಿಟ್ಟ ಆ ಆವರಣದಲ್ಲಿ, ಕುಕ್ಕರಹಳ್ಳಿ ಕೆರೆಯ ಗಾಳಿ ಬೀಸುತ್ತಿದ್ದ ಕೊಠಡಿಯೊಂದರಲ್ಲಿ, ನನ್ನಂತೆಯೇ ತಲೆ ನರೆಯತೊಡಗಿದ್ದ ಮೇಷ್ಟರುಗಳು, ಗುಮಾಸ್ತರು, ಒಬ್ಬ ಪೊಲೀಸ್ ಸಬ್ ಇನ್ಸ್‌ಪೆಕ್ಟರು ಮತ್ತೆ ವಿದ್ಯಾರ್ಥಿಗಳಾಗಿ ಕುಳಿತಿದ್ದೆವು.

1989ರ ಬೇಸಿಗೆಯಲ್ಲಿ ನಮಗೆ ಆಧುನಿಕ ಮೈಸೂರಿನ ಇತಿಹಾಸವನ್ನು ಬೋಧಿಸಿದ ಪ್ರಾಧ್ಯಾಪಕರು ಮೊದಲ ದಿನ ಪುಸ್ತಕವನ್ನು ತೆರೆಯಲೇ ಇಲ್ಲ. "ನಿಮ್ಮಲ್ಲಿ ಎಷ್ಟು ಜನ ಸರ್ಕಾರಿ ನೌಕರರು?" ಎಂದು ಕೇಳಿದರು. ಬಹುತೇಕ ಎಲ್ಲರೂ ಕೈ ಎತ್ತಿದೆವು. "ಹಾಗಾದರೆ ವರ್ಗಾವಣೆ ಆದೇಶ ಬಂದಾಗ ಮೊದಲು ಎಲ್ಲಿ ನೋಡುತ್ತೀರಿ?" ನಗು ಬಂತು. ಎಲ್ಲರೂ ನೋಡುವುದು ತಮ್ಮ ಹೆಸರಿನ ಮುಂದೆ ಯಾವ ಊರಿದೆ ಎಂಬುದನ್ನೇ.

ಸರ್ಕಾರಿ ಆದೇಶವನ್ನು ಕಂಡವರಿಗೆ ಅದರ ರಚನೆ ಗೊತ್ತು. ಮೇಲ್ಗಡೆ ವಿಷಯ. ಅದರ ಕೆಳಗೆ 'ಓದಲಾಗಿದೆ' ಎಂಬ ಶೀರ್ಷಿಕೆಯಡಿ ಹಳೆಯ ಆದೇಶಗಳು, ಪತ್ರಗಳು, ಮನವಿಗಳು, ಸಮಿತಿಯ ವರದಿಗಳ ಸಂಖ್ಯೆ ಮತ್ತು ದಿನಾಂಕ. ಬಳಿಕ 'ಪ್ರಸ್ತಾವನೆ'. ಕೊನೆಗೆ ಆದೇಶ. "ಶಾಲಾ ಪಠ್ಯಪುಸ್ತಕವು ಕೊನೆಯ ಪ್ಯಾರಾವನ್ನು ಮಾತ್ರ ಹೇಳುತ್ತದೆ. ಇಂಥ ವರ್ಷ ಇಂಥದು ಸ್ಥಾಪನೆಯಾಯಿತು, ಜಾರಿಗೆ ಬಂತು ಎಂದು. ನಾವಿಲ್ಲಿ 'ಓದಲಾಗಿದೆ' ಎಂಬುದರ ಕೆಳಗಿನ ಸಾಲುಗಳನ್ನು ಓದುತ್ತೇವೆ" ಎಂದರು. ಯಾರು ಕೇಳಿದ್ದರು, ಯಾರು ಬೇಡವೆಂದಿದ್ದರು, ಯಾರು ಎಷ್ಟು ದಿನ ಕಡತವನ್ನು ಮೇಜಿನ ಮೇಲಿಟ್ಟುಕೊಂಡಿದ್ದರು, ಹಣ ಎಲ್ಲಿಂದ ಬಂತು, ಹತ್ತು ವರ್ಷದ ಮೇಲೆ ಅದು ಯಾರಿಗೆ ತಲುಪಿತ್ತು. ರಾಜಕೀಯ ಇತಿಹಾಸವೆಂದರೆ ರಾಜರ ಪಟ್ಟಿಯೆಂದೂ ಯುದ್ಧಗಳ ಪಟ್ಟಿಯೆಂದೂ ತಿಳಿದಿದ್ದ ನಮಗೆ ಇದು ಹೊಸದು.

ಇಲ್ಲಿ ಒಂದು ಮಾತು. ನಮ್ಮ ಭಾಷೆಯಲ್ಲಿ 'ನೀತಿ' ಎಂಬ ಒಂದೇ ಪದವು ಸದಾಚಾರಕ್ಕೂ ಸಲ್ಲುತ್ತದೆ, ಸರ್ಕಾರದ ಧೋರಣೆಗೂ ಸಲ್ಲುತ್ತದೆ. ಶಾಲೆಯಲ್ಲಿ ನೀತಿಪಾಠದ ಅವಧಿಯೂ ಇತ್ತು, ಸಮಾಜ ವಿಜ್ಞಾನದಲ್ಲಿ ಕೈಗಾರಿಕಾ ನೀತಿಯೂ ಇತ್ತು. ಆದುದರಿಂದಲೇ ಏನೋ, ಸರ್ಕಾರದ ನೀತಿಯನ್ನು ಕುರಿತು ಮಾತನಾಡುವಾಗ ನಾವು ತಟ್ಟನೆ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪಿಗೆ ಹಾರಿಬಿಡುತ್ತೇವೆ. ಅದು ಹೇಗಾಯಿತು ಎಂದು ಕೇಳುವ ತಾಳ್ಮೆ ಇರುವುದಿಲ್ಲ.

ಪ್ರಾಧ್ಯಾಪಕರು ಅಭ್ಯಾಸಕ್ಕಾಗಿ ಆರಿಸಿಕೊಂಡ ಉದಾಹರಣೆ ಮಿಲ್ಲರ್ ಸಮಿತಿಯದು. ಅದರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಅಧಿವೇಶನಕ್ಕೆ ಬಂದವರು 144 ಮಂದಿ. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ ಏರಿ, ಕಂದಾಯ, ರಸ್ತೆ, ಶಾಲೆ ಎಂದು ತಮ್ಮ ಅಹವಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಅಧಿಕಾರವೇನೂ ಇರಲಿಲ್ಲ, ಕೇಳುವ ಹಕ್ಕಿತ್ತು. ಆಡಳಿತಯಂತ್ರವು ಬೆಳೆದಂತೆ ಇಂಗ್ಲಿಷ್ ಬಲ್ಲ ನೌಕರರು ಬೇಕಾದರು. ಇಂಗ್ಲಿಷ್ ವಿದ್ಯೆಯನ್ನು ಮೊದಲು ಕೈಗೆತ್ತಿಕೊಂಡವರು ಬ್ರಾಹ್ಮಣರು. 1911ರ ಜನಗಣತಿಯ ಪ್ರಕಾರ ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಅದರಲ್ಲಿ ನೂರಕ್ಕೆ ನಾಲ್ಕರಷ್ಟೂ ಇರದ ಒಂದು ಸಮುದಾಯವು ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊಂದಿತ್ತು.

1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿದರು. ಎಂ. ಬಸವಯ್ಯ, ಎಚ್. ಚನ್ನಯ್ಯ ಮೊದಲಾದವರು ಅದರ ಪ್ರಮುಖರು. ಇವರ ಹಿಂದಿದ್ದ ಪ್ರೇರಣೆಗಳಲ್ಲಿ ಸಿ. ಆರ್. ರೆಡ್ಡಿಯವರದೂ ಒಂದೆಂದು ಇತಿಹಾಸಕಾರರು ಗುರುತಿಸಿದ್ದಾರೆ. ರೆಡ್ಡಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದವರು ಎಂಬುದನ್ನು ಕೇಳಿ ನಮಗೆಲ್ಲ ಒಂದು ಬಗೆಯ ಹೆಮ್ಮೆಯೆನಿಸಿತು. ಇತಿಹಾಸದ ಮೇಷ್ಟರೊಬ್ಬರು ಇತಿಹಾಸದೊಳಗೇ ಕಾಲಿಟ್ಟಿದ್ದರು!

1918ರ ಜೂನ್‌ನಲ್ಲಿ ನಿಯೋಗವೊಂದು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಮನವಿ ಸಲ್ಲಿಸಿತು. ಆಗಸ್ಟ್‌ನಲ್ಲಿ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಿರಲಿಲ್ಲ. ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಡುವುದನ್ನು ಅವರು ವಿರೋಧಿಸಿದವರಲ್ಲ; 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವನ್ನು ತಂದವರೂ ಅವರೇ. ವಿದ್ಯೆ ಹರಡಲಿ, ಹುದ್ದೆ ತಾನಾಗಿ ಹಂಚಿಹೋಗುತ್ತದೆ. ಜಾತಿಯನ್ನು ನೋಡಿ ನೇಮಿಸಿದರೆ ಆಡಳಿತದ ದಕ್ಷತೆ ಕುಂದುತ್ತದೆ ಎಂಬುದು ಅವರ ನಿಲುವು. ಮನವಿ ಸಲ್ಲಿಸಿದವರ ವಾದ ಬೇರೆ: ಅಮಲ್ದಾರನ ಕಚೇರಿಯಲ್ಲಿ ತಮ್ಮವನೊಬ್ಬನೂ ಇಲ್ಲದಿದ್ದರೆ ಮಗನನ್ನು ಓದಿಸಬೇಕೆಂಬ ಆಸೆಯಾದರೂ ರೈತನಿಗೆ ಹೇಗೆ ಹುಟ್ಟೀತು? ಮಹಾರಾಜರು ಎರಡನೆಯ ವಾದದ ಕಡೆಗೆ ವಾಲಿದರು. 1918ರ ಡಿಸೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹೊರಬಂದರು. ಹಿಂದಿನ ಬೆಂಚಿನ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು.

ಸಮಿತಿಯ ವರದಿ 1919ರಲ್ಲಿ ಬಂತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು. ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳು ಹೆಚ್ಚಬೇಕು. ಅರ್ಹತೆಯುಳ್ಳ ದಲಿತ ಅಭ್ಯರ್ಥಿಗಳು ದೊರೆತಾಗ ಅವರಿಗೆ ಆದ್ಯತೆಯಿರಬೇಕು. ದಕ್ಷತೆಯ ಪ್ರಶ್ನೆಗೂ ವರದಿ ಉತ್ತರಿಸಿತ್ತು. ಪರೀಕ್ಷೆಯಲ್ಲಿ ಗಳಿಸಿದ ಅಂಕವೊಂದರಿಂದಲೇ ದಕ್ಷತೆಯನ್ನು ಅಳೆಯಲಾಗದು, ಜನರ ಬಗೆಗಿನ ಅನುಕಂಪ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಅಧಿಕಾರಿಯನ್ನು ದಕ್ಷನನ್ನಾಗಿ ಮಾಡುತ್ತವೆ ಎಂಬುದು ಅದರ ತಾತ್ಪರ್ಯ. ಕಾಂತರಾಜ ಅರಸರು ದಿವಾನರಾಗಿದ್ದಾಗ, 1921ರ ಮೇ 16ರಂದು, ಸರ್ಕಾರವು ಮುಖ್ಯ ಶಿಫಾರಸುಗಳನ್ನು ಒಪ್ಪಿ ಆದೇಶ ಹೊರಡಿಸಿತು. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದವರಿಗೆ ಮೀಸಲಿರಿಸಿದ್ದರು. ಮದರಾಸಿನ ಜಸ್ಟಿಸ್ ಪಕ್ಷದ ಸರ್ಕಾರದ ಆದೇಶ ಹೊರಟದ್ದು ಮೈಸೂರಿನದಾದ ಕೆಲವು ತಿಂಗಳ ಬಳಿಕ.

ಪ್ರಾಧ್ಯಾಪಕರು ಹಲಗೆಯ ಮೇಲೆ 1921 ಎಂದು ಬರೆದಾಗ ನನ್ನ ಲೇಖನಿ ನಿಂತಿತು.

ನಮ್ಮ ತಾತ, ತಂದೆಯ ತಂದೆ, ಹಳೇ ಮೈಸೂರಿನ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಮನೆಯಲ್ಲಿ 'ಇಪ್ಪತ್ತೊಂದರ ಆರ್ಡರು' ಎಂಬ ಮಾತು ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ ಎಂಬಂತೆ ಬಳಕೆಯಲ್ಲಿತ್ತು. ಚಿಕ್ಕಂದಿನಲ್ಲಿ ನಾನು 'ಆರ್ಡರು' ಎಂದರೆ ಯಾರೋ ದುಷ್ಟ ಮನುಷ್ಯನ ಹೆಸರೆಂದೇ ತಿಳಿದಿದ್ದೆ. ತಾತ ಶಿರಸ್ತೇದಾರರಾಗಬೇಕಾಗಿತ್ತಂತೆ. ಇಲಾಖಾ ಪರೀಕ್ಷೆ ಪಾಸಾಗಿತ್ತಂತೆ. 1925ರಲ್ಲಿ ಅವರಿಗಿಂತ ಕಿರಿಯರೊಬ್ಬರನ್ನು ಆ ಜಾಗಕ್ಕೆ ತಂದು ಕೂರಿಸಿದರಂತೆ. ತಾತನಿಗೆ ಆ ಬಡ್ತಿ ದೊರೆತದ್ದು ನಾಲ್ಕು ವರ್ಷ ತಡವಾಗಿ. ಅಷ್ಟರಲ್ಲಿ ದೊಡ್ಡಪ್ಪನ ಓದು ನಿಂತುಹೋಗಿತ್ತು. ಹಬ್ಬದ ಊಟದ ನಂತರ ಹಿರಿಯರು ಎಲೆಯಡಿಕೆ ಹಾಕಿಕೊಳ್ಳುತ್ತ ಈ ಕಥೆಯನ್ನು ಹೇಳುತ್ತಿದ್ದರು. ಪ್ರತಿ ಸಲವೂ ಅದು 'ಅನ್ಯಾಯ' ಎಂಬ ಪದದಿಂದಲೇ ಮುಗಿಯುತ್ತಿತ್ತು. ಅದನ್ನು ನಾನು ನಂಬಿಕೊಂಡೇ ಬೆಳೆದವನು.

ಅಂದು ಮಧ್ಯಾಹ್ನ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋದೆ. ಜೇಮ್ಸ್ ಮ್ಯಾನರ್ ಅವರು 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯ ಬದಲಾವಣೆಯನ್ನು ಕುರಿತು ಬರೆದ, 1977ರಲ್ಲಿ ಅಚ್ಚಾದ ಗ್ರಂಥವನ್ನು ಓದಲು ಪ್ರಾಧ್ಯಾಪಕರು ಸೂಚಿಸಿದ್ದರು. ಸ್ವೀಡನ್ನಿನ ವಿದ್ವಾಂಸ ಬ್ಯೋರ್ನ್ ಹೆಟ್ನೆ ಅವರದು ಮರುವರ್ಷ ಬಂದದ್ದು. ನಮ್ಮ ಊರುಕೇರಿಗಳ ವ್ಯವಹಾರವನ್ನು ಅರಿಯಲು ಅಷ್ಟು ದೂರದವರು ಬಂದು ಕಡತ ತಿರುವಬೇಕಾಯಿತೇ ಎಂದು ಮೊದಲು ಮುಜುಗರವಾಯಿತು. ಬಳಿಕ ಎಸ್. ಚಂದ್ರಶೇಖರ್ ಅವರ ಅಧ್ಯಯನವನ್ನೂ ಓದಿ ಸಮಾಧಾನಪಟ್ಟುಕೊಂಡೆ. ಶಾಮರಾಯರ ಮತ್ತು ಹಯವದನರಾಯರ ಸಂಪುಟಗಳು ಘಟನೆಗಳ ಭಂಡಾರ; ಆದರೆ ಅರಮನೆಯ ಕಿಟಕಿಯಿಂದ ಕಂಡ ಮೈಸೂರು ಅದು.

ಮ್ಯಾನರ್ ಅವರ ಒಂದು ವಿಚಾರ ನನ್ನನ್ನು ಬಹಳ ದಿನ ಕಾಡಿತು. ಬೆಂಗಳೂರು ಮೈಸೂರುಗಳ ವಿದ್ಯಾವಂತರ ರಾಜಕೀಯ ಒಂದು ಲೋಕ, ಹಳ್ಳಿಯ ಭೂಮಾಲೀಕರ ರಾಜಕೀಯ ಇನ್ನೊಂದು ಲೋಕ, ಇವೆರಡರ ನಡುವೆ ಬಹುಕಾಲ ಕೊಂಡಿಯೇ ತೆಳುವಾಗಿತ್ತು ಎಂಬುದು. ಹಾಗೆ ನೋಡಿದರೆ 1921ರ ಆದೇಶವು ಕೂಡ ಮೊದಲು ಪಟ್ಟಣದಲ್ಲಿ ಓದಿದ್ದ ಕೆಲವರನ್ನೇ ಮುಟ್ಟಿತು. ಬ್ರಾಹ್ಮಣೇತರರೆಲ್ಲರೂ ಒಂದೇ ಎಂದು ಬಗೆದದ್ದರಿಂದ, ಅವರಲ್ಲಿ ಮುಂದಿದ್ದವರಿಗೆ ಹೆಚ್ಚು ದಕ್ಕಿತು. ಕುರಿ ಕಾಯುವವನ, ಮಡಿಕೆ ಮಾಡುವವನ ಮಗನಿಗೆ ಅದು ತಲುಪಲು ಇನ್ನೂ ಐದು ದಶಕ ಬೇಕಾಯಿತು. ದೇವರಾಜ ಅರಸರ ಸರ್ಕಾರವು 1972ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿ, 1975ರಲ್ಲಿ ವರದಿ ಬಂದ ಮೇಲಷ್ಟೇ ಈ ಒಳ ಅಂತರಗಳನ್ನು ಸರ್ಕಾರ ಗಂಭೀರವಾಗಿ ಎಣಿಸಿತು. ನಡುವೆ ನ್ಯಾಯಾಲಯದ ಅಧ್ಯಾಯವೊಂದಿದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ 68 ಶೇಕಡಾ ಸ್ಥಾನಗಳನ್ನು ಕಾದಿರಿಸಿದ ಮೈಸೂರು ಸರ್ಕಾರದ 1962ರ ಆದೇಶವನ್ನು ಸುಪ್ರೀಂ ಕೋರ್ಟು ಅದೇ ವರ್ಷ ಬಾಲಾಜಿ ಮೊಕದ್ದಮೆಯಲ್ಲಿ ರದ್ದುಗೊಳಿಸಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂಬ ಮಾತು ದೇಶಕ್ಕೆಲ್ಲ ಅನ್ವಯವಾದದ್ದು ನಮ್ಮ ಮೈಸೂರಿನ ಕಡತದಿಂದಲೇ.

ಇಷ್ಟನ್ನೂ ಓದಿದ ಮೇಲೆ ತಾತನ ಕಥೆ ಸುಳ್ಳಾಯಿತೇ? ಆಗಲಿಲ್ಲ. ಅವರ ನಾಲ್ಕು ವರ್ಷ ಹೋದದ್ದು ನಿಜ, ದೊಡ್ಡಪ್ಪನ ಓದು ನಿಂತದ್ದೂ ನಿಜ. ಆದರೆ ನಮ್ಮ ಮನೆಯ ಕಥೆ ಆದೇಶದಿಂದ ಆರಂಭವಾಗುತ್ತಿತ್ತು. ಅದರ ಮೇಲಿನ ಸಾಲುಗಳು ಅದರಲ್ಲಿ ಇರಲೇ ಇಲ್ಲ. ತಾತ 1916ರಲ್ಲಿ ಕೆಲಸಕ್ಕೆ ಸೇರಿದಾಗ ಆ ಕಚೇರಿಯಲ್ಲಿ ಇದ್ದವರೆಲ್ಲ ಒಬ್ಬರಿಗೊಬ್ಬರು ಬಂಧುಗಳೋ ಬೀಗರೋ ಆಗಿದ್ದರೆಂದು ನಮ್ಮಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದುದು ನೆನಪಾಯಿತು. ಅದನ್ನು ಯಾರೂ ಅನ್ಯಾಯವೆಂದು ಕರೆದದ್ದಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿಡುವ ಅಗತ್ಯ ನಮಗೆ ಬಿದ್ದಿರಲಿಲ್ಲ.

ಈ ಮಾತನ್ನು ಆ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರೆದುರು ಆಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಓದಿದ್ದು ಹೆಚ್ಚಾಯಿತು ನಿನಗೆ" ಎಂದರು. ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಎಂದಿನಂತೆ ಬೀದಿಯ ಕೊನೆಯವರೆಗೆ ಬರಲಿಲ್ಲ.

ಮರುವರ್ಷ, 1990ರ ಆಗಸ್ಟ್‌ನಲ್ಲಿ, ವಿ. ಪಿ. ಸಿಂಗ್ ಅವರ ಸರ್ಕಾರವು ಮಂಡಲ್ ವರದಿಯನ್ನು ಜಾರಿಗೆ ತರುವುದಾಗಿ ಘೋಷಿಸಿತು. ನಮ್ಮ ಶಿಕ್ಷಕರ ಕೊಠಡಿ ಎರಡು ಪಾಲಾಯಿತು. ವರ್ಷಗಟ್ಟಲೆ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚಿಕೊಂಡವರು ಬೇರೆಬೇರೆ ಮೂಲೆಯಲ್ಲಿ ಕುಳಿತು ಊಟ ಮಾಡತೊಡಗಿದರು. ಒಂದು ಕಡೆಯವರು ದಕ್ಷತೆ ಎಂದರು. ಇನ್ನೊಂದು ಕಡೆಯವರು ಪ್ರಾತಿನಿಧ್ಯ ಎಂದರು. ಮೊದಲು ಶಿಕ್ಷಣ ಕೊಡಿ, ಆಮೇಲೆ ಉದ್ಯೋಗ ಎಂದರು ಒಬ್ಬರು. ಕೇಳುತ್ತ ಕುಳಿತ ನನಗೆ ಮೈ ಜುಮ್ಮೆಂದಿತು. 1918ರಲ್ಲಿ ಇದೇ ಮೈಸೂರಿನಲ್ಲಿ ಆಡಿದ್ದ ಮಾತುಗಳನ್ನೇ ಎರಡೂ ಕಡೆಯವರು ಅರಿಯದೆ ಆಡುತ್ತಿದ್ದರು. ಮಿಲ್ಲರ್ ಸಮಿತಿಯ ವಿಷಯವನ್ನು ಎತ್ತಿದೆ. ಸಮಾಜ ವಿಜ್ಞಾನದ ಹಿರಿಯ ಸಹೋದ್ಯೋಗಿಯೊಬ್ಬರು, "ಅದು ಸಿಲೆಬಸ್ಸಿನಲ್ಲಿ ಇಲ್ಲವಲ್ಲ ರಾಯರೇ" ಎಂದರು. ಗಣಿತದ ಮೇಷ್ಟರು ಮಾತ್ರ ಸಂಜೆ ನನ್ನೊಡನೆ ನಡೆದು ಬರುತ್ತ ಎಲ್ಲವನ್ನೂ ವಿವರವಾಗಿ ಕೇಳಿದರು. ಅವರ ಅಜ್ಜ 1920ರ ದಶಕದಲ್ಲಿ ವಿದ್ಯಾರ್ಥಿನಿಲಯವೊಂದರಲ್ಲಿ ಉಳಿದು ಲೋಯರ್ ಸೆಕೆಂಡರಿ ಓದಿದವರಂತೆ. ಆ ವಿದ್ಯಾರ್ಥಿನಿಲಯ ಯಾಕೆ ಹುಟ್ಟಿತೆಂದು ಅವರಿಗೂ ಯಾರೂ ಹೇಳಿರಲಿಲ್ಲ.

ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯಕ್ಕೆ ಸರಿಯಾದ ಮನೆಯೇ ಇಲ್ಲವೆಂಬುದು ನನ್ನ ಅನುಭವ. ಇತಿಹಾಸ ವಿಭಾಗದವರು ಸಾಮಾನ್ಯವಾಗಿ 1947ಕ್ಕೆ ಪುಸ್ತಕ ಮುಚ್ಚುತ್ತಾರೆ. ರಾಜ್ಯಶಾಸ್ತ್ರದವರು ಸಂವಿಧಾನದ ವಿಧಿಗಳಿಂದ ಆರಂಭಿಸುತ್ತಾರೆ. ಅರ್ಥಶಾಸ್ತ್ರದವರ ಬಳಿ ಅಂಕಿ ಅಂಶಗಳಿವೆ, ಆದರೆ ಮನುಷ್ಯರಿಲ್ಲ. ಮಿಲ್ಲರ್ ಸಮಿತಿಯಿಂದ ಹಾವನೂರು ವರದಿಯವರೆಗೆ ಒಂದೇ ಎಳೆಯನ್ನು ಹಿಡಿದು ಹೋಗಬೇಕಾದರೆ ಮೂರೂ ವಿಭಾಗಗಳ ಬಾಗಿಲು ತಟ್ಟಬೇಕು. 2011ರಲ್ಲಿ ಜಾನಕಿ ನಾಯರ್ ಅವರ ಮೈಸೂರು ಕುರಿತ ಗ್ರಂಥ ಬಂದಾಗ ತರಿಸಿಕೊಂಡು ಓದಿದೆ; ಇಂಥ ಗೋಡೆಗಳನ್ನು ದಾಟಿದ ಬರವಣಿಗೆ ಅದು. ಕನ್ನಡದಲ್ಲಿ ಇನ್ನಷ್ಟು ಬರಬೇಕು. ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳಂತೂ ಸಂಪುಟ ಸಂಪುಟವಾಗಿ ಕುಳಿತಿವೆ. ಒಂದು ತಾಲ್ಲೂಕಿನ ಪ್ರತಿನಿಧಿ ಹತ್ತು ವರ್ಷ ಏನೇನು ಕೇಳಿದ, ಏನು ಸಿಕ್ಕಿತು ಎಂದು ಹುಡುಕಿದರೂ ಒಬ್ಬ ವಿದ್ಯಾರ್ಥಿಯ ಪ್ರೌಢಪ್ರಬಂಧಕ್ಕೆ ಧಾರಾಳವಾಗಿ ಸಾಲುತ್ತದೆ.

ಎಂ.ಎ.ಯಲ್ಲಿ ಎರಡನೆಯ ದರ್ಜೆ ಬಂತು. ಬಡ್ತಿ ಬರಲಿಲ್ಲ, ಆ ಮಾತು ಇರಲಿ. ಹಿಂದಿನ ಬೆಂಚಿನ ಹುಡುಗನನ್ನು ವಿಚಾರಿಸಿದೆ. ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿಗೆ ಹೋದನೆಂದರು. ಎಲ್ಲಿದ್ದಾನೆಂದು ತಿಳಿದವರಿರಲಿಲ್ಲ.

ಅಂದಿನಿಂದ ದಿವಾನರ ಪಾಠವನ್ನು ನಾನು ಬೇರೆ ರೀತಿಯಲ್ಲಿ ಮಾಡತೊಡಗಿದೆ. ಸಾಧನೆಗಳ ಪಟ್ಟಿಯನ್ನು ಬರೆಸುತ್ತಿದ್ದೆ, ಪರೀಕ್ಷೆಗೆ ಬೇಕಲ್ಲ. ಆಮೇಲೆ ಹಳೆಯ ಸುತ್ತೋಲೆಯೊಂದನ್ನು ತೋರಿಸಿ 'ಓದಲಾಗಿದೆ' ಎಂಬುದರ ಕೆಳಗಿನ ಸಾಲುಗಳನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ನಂತರ 1918ರ ಮನವಿ, ವಿಶ್ವೇಶ್ವರಯ್ಯನವರ ವಾದ, ಎದುರು ವಾದ. ವಿಶ್ವೇಶ್ವರಯ್ಯನವರನ್ನು ನಾನು ಕಿರಿದುಮಾಡುತ್ತಿದ್ದೇನೆಂದು ಪೋಷಕರೊಬ್ಬರು ಮುಖ್ಯೋಪಾಧ್ಯಾಯರಲ್ಲಿ ದೂರು ಕೊಟ್ಟದ್ದೂ ಉಂಟು. ತಾನು ನಂಬಿದ್ದು ನಡೆಯದೆಂದು ಕಂಡಾಗ ಅಧಿಕಾರವನ್ನು ಬಿಟ್ಟು ಹೊರಬಂದ ಮನುಷ್ಯ ಆರೋಗ್ಯದ ನೆಪದವನಿಗಿಂತ ಕಿರಿಯನು ಹೇಗಾಗುತ್ತಾನೋ ನನಗಂತೂ ತಿಳಿಯದು.

ತಾತನ ಕಥೆಯನ್ನು ಮಾತ್ರ ತರಗತಿಯಲ್ಲಿ ಬಹಳ ವರ್ಷ ಹೇಳಲಿಲ್ಲ. ತಂದೆಯವರು ಇರುವವರೆಗೆ ಬಾಯಿ ಬರಲಿಲ್ಲ. 2018ರಲ್ಲಿ, ನಿವೃತ್ತಿಗೆ ಕೆಲವು ವಾರಗಳಿದ್ದಾಗ, ಕೊನೆಯ ಬಾರಿ ಆ ಪಾಠ ಮಾಡುತ್ತ ಅದನ್ನೂ ಹೇಳಿದೆ. ಗುಮಾಸ್ತಿಕೆ, ಇಲಾಖಾ ಪರೀಕ್ಷೆ, 1925, ನಾಲ್ಕು ವರ್ಷ ತಡ, ಎಲ್ಲವನ್ನೂ. ಮಕ್ಕಳು ಸದ್ದಿಲ್ಲದೆ ಕೇಳಿದರು. ಮೊದಲ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು.

"ಸಾರ್, ನಿಮ್ಮ ತಾತನ ಜಾಗಕ್ಕೆ ಬಂದ್ರಲ್ಲ, ಅವರ ಹೆಸರೇನು?"

ನಮ್ಮ ಮನೆಯಲ್ಲಿ ಯಾರೂ ಆತನ ಹೆಸರನ್ನು ಹೇಳಿದ್ದಿಲ್ಲ. ಜಾತಿಯನ್ನಷ್ಟೇ ಹೇಳುತ್ತಿದ್ದರು. ಗೊತ್ತಿಲ್ಲಮ್ಮ ಎಂದೆ.